ತೋರಣಗಿತ್ತಿಯ ಜರಡಿ

ದೊಡ್ಡಮನೆಯ ಬಲಪಕ್ಕದಲ್ಲಿ, ಪಕ್ಕೆಲುಬಿನ ಸೂರಿನ ಕೆಳಗೆ ಒಂದು ಕೆಂಪು ಗುಡ್ಡ. ಗುಡ್ಡದ ತುಂಬ ಊರುಗಳು, ಒಂದರ ಗೋಡೆಗೆ ಇನ್ನೊಂದರ ಗೋಡೆ. ಎಷ್ಟಿವೆ ಅಂತ ಎಣಿಸಲು ಹೊರಟವರು ಅರ್ಧಕ್ಕೇ ಎಣಿಕೆ ತಪ್ಪಿ, ಹಾಳಾಗಿ ಹೋಗಲಿ ಅಂತ ಊಟಕ್ಕೆ ಕೂತುಬಿಟ್ಟರಂತೆ. ಎಲ್ಲ ಊರಿಗೂ ಒಂದೇ ಹೊಳೆ. ದೊಡ್ಡಮನೆಯವರು ಉಂಡಾಗಲೆಲ್ಲ ಹೊಳೆ ತುಂಬಿ ಬರುತ್ತದೆ, ಅವರು ಉಂಡ ಸಾರು, ಹುಳಿ, ಹೋಳಿಗೆ ಎಲ್ಲ ಕರಗಿಸಿಕೊಂಡು. ಆ ಊರುಗಳಲ್ಲಿ ಹಗಲು ರಾತ್ರಿ ಇಲ್ಲ. ಒಂದು ಊಟದಿಂದ ಇನ್ನೊಂದು ಊಟದವರೆಗೆ ಒಂದು ದಿನ. ದೊಡ್ಡಮನೆಯವರು ಏಕಾದಶಿ ಉಪವಾಸ ಹಿಡಿದರೆ ದಿನ ಮುಗಿಯುವುದೇ ಇಲ್ಲ.

ಅಂಥದೊಂದು ಊರಿನ ಕಥೆ ಇದು. ಅಲ್ಲಿ ಒಂದು ಕಟ್ಟಳೆ ಇತ್ತು. ಉಗ್ರಾಣದಿಂದ ಚೀಟಿ ಬಂದರೆ ಬರೆದದ್ದನ್ನು ಬರೆದ ಹಾಗೆ ಮಾಡಬೇಕು. 'ಏನು' ಅನ್ನಬಾರದು, 'ಯಾರಿಗೆ' ಅನ್ನಬಾರದು, 'ಯಾಕೆ' ಅಂತೂ ಅನ್ನಲೇಬಾರದು. ಚೀಟಿ ಬರುತ್ತಿತ್ತು. ಓದುಗಿತ್ತಿಯರು ಓದುತ್ತಿದ್ದರು. ಒಂದೊಂದು ಅಕ್ಷರಕ್ಕೆ ಒಂದೊಂದು ಮಣಿ ಅಂತ ಪೋಣಿಸುತ್ತಿದ್ದರು. ಪೋಣಿಸಿದ ಸರ ತಾನೇ ಮಡಚಿಕೊಂಡು ಏನೋ ಒಂದು ವಸ್ತುವಾಗುತ್ತಿತ್ತು, ಆ ವಸ್ತು ಹೊಳೆಗೆ ಬಿದ್ದು ದೊಡ್ಡಮನೆಗೆ ಹೋಗುತ್ತಿತ್ತು. ಚೀಟಿ ಬಂತು, ಓದಿದರು, ಪೋಣಿಸಿದರು, ಕಳಿಸಿದರು. ಆ ಊರಿನ ಇಡೀ ಚರಿತ್ರೆ ಇಷ್ಟೇ, ಬೇಕಾದರೆ ಇನ್ನೊಂದು ಸಲ ಹೇಳುತ್ತೇನೆ.

ಇನ್ನೊಂದು ಪದ್ಧತಿಯೂ ಇತ್ತು. ಊರೊಳಗೆ ಏನೇನು ತಯಾರಾಯಿತೋ ಎಲ್ಲದರ ಒಂದೊಂದು ಚೂರನ್ನು ಊರಬಾಗಿಲಿಗೆ ತೋರಣ ಕಟ್ಟಬೇಕು. ಚೂರು ಅಂದರೆ ಒಂಬತ್ತು ಮಣಿ. ದಿನಕ್ಕೊಂದು ಸಲ ದೊಡ್ಡಮನೆಯ ಕಾವಲುಗಾರ ಬರುತ್ತಾನೆ. ಅವನಿಗೆ ಕಣ್ಣಿಲ್ಲ. ಬೆರಳಿನಿಂದ ತೋರಣ ತಡವುತ್ತಾನೆ. ಎಲ್ಲ ಪರಿಚಯದ ಚೂರೇ ಆದರೆ "ಆಯ್ತು" ಅಂತ ಮುಂದೆ ಹೋಗುತ್ತಾನೆ. ಪರಕೀಯ ಚೂರು ಸಿಕ್ಕಿತೋ, ಬಾಗಿಲಿಗೆ ಮೂರು ಸಲ ತಟ್ಟುತ್ತಾನೆ. ಮೂರು ಸಲ ತಟ್ಟಿದರೆ ಆ ಊರು ಮಡಚಿಕೊಳ್ಳಬೇಕು, ಮತ್ತೆ ಬಿಚ್ಚಿಕೊಳ್ಳುವ ಹಾಗಿಲ್ಲ.

ಈ ತೋರಣ ಕಟ್ಟುವ ಕೆಲಸ ತೋರಣಗಿತ್ತಿಯದು. ನಮ್ಮ ಕಥೆ ಅವಳದೇ. ಹಳೆಯದು ಮುರಿದದ್ದು ಎಲ್ಲ ಕುಟ್ಟಿ ಪುಡಿ ಮಾಡಿ ಅವಳ ಮುಂದೆ ಸುರಿಯುತ್ತಿದ್ದರು. ಅವಳು ಅದನ್ನು ಜರಡಿ ಹಿಡಿದು, ಒಂಬತ್ತು ಮಣಿಯ ಚೂರುಗಳನ್ನು ಆರಿಸಿ ದಾರಕ್ಕೆ ಕಟ್ಟುತ್ತಿದ್ದಳು. ಕೆಲಸದಲ್ಲಿ ಅಚ್ಚುಕಟ್ಟು. ಆದರೆ ಆ ಜರಡಿ ಮಾತ್ರ ಅವಳದಲ್ಲ.

ಜರಡಿ ಪಕ್ಕದೂರಿನ ತಂಗಿಯದು. ಎರಡೂ ಊರು ಒಂದು ಕಾಲದಲ್ಲಿ ಒಂದೇ ಆಗಿದ್ದವು, ಆಮೇಲೆ ನಡುವೆ ಗೋಡೆ ಎದ್ದು ಎರಡಾದವು. ಗೋಡೆಯಲ್ಲಿ ಒಂದು ಉದ್ದನೆಯ ಕಿಂಡಿ ಉಳಿದಿತ್ತು, ಜರಡಿ ಓರೆಯಾಗಿ ಹಿಡಿದರೆ ತೂರುವಷ್ಟು. ಯಾವ ಕಾಲದಲ್ಲೋ ತೋರಣಗಿತ್ತಿ "ಒಂದು ಗಳಿಗೆ ಕೊಡೇ" ಅಂತ ಇಸಕೊಂಡವಳು ವಾಪಸು ಕೊಟ್ಟಿರಲಿಲ್ಲ. ಪ್ರತಿದಿನ ಹೊಳೆ ಬಂದಾಗ ತಂಗಿ ಕಿಂಡಿಗೆ ಬಾಯಿಟ್ಟು ಕೂಗುವಳು.

"ಅಕ್ಕಾ, ನನ್ನ ಜರಡಿ ಎಲ್ಲಿ?"

"ನಾಳೆ ಕೊಡ್ತೀನಿ ಕಣೇ. ಎಲ್ಲಿ ಓಡಿಹೋಗುತ್ತೆ ನಿನ್ನ ಜರಡಿ?"

"ನಾನು ಇಲ್ಲಿ ಬೆರಳಲ್ಲಿ ಆರಿಸಿ ಆರಿಸಿ ಸಾಯ್ತಿದೀನಿ."

"ಬೆರಳಿಗೆ ವ್ಯಾಯಾಮ ಒಳ್ಳೇದು."

ಇಬ್ಬರೂ ನಗುತ್ತಿದ್ದರು. ಜಗಳ ಅಂದರೆ ಅದೇ, ಮಾತು ಅಂದರೂ ಅದೇ.

ಒಂದು ದಿನ ಹೊಳೆಯಲ್ಲಿ ಒಂದು ಪೆಟ್ಟಿಗೆ ತೇಲಿ ಬಂತು. ಆ ಊರಿನ ಬಾಗಿಲವನ ಕೆಲಸ, ಪಿತ್ತದ ಉಪ್ಪು ಹೊತ್ತು ಬರುವವರನ್ನು ಕೈಹಿಡಿದು ಒಳಗೆ ಕರೆತರುವುದು. ಅವನಿಗೆ ಇದ್ದದ್ದು ಒಂದೇ ಕೈ. ಪೆಟ್ಟಿಗೆ ಬಂದು ಆ ಕೈ ಹಿಡಿಯಿತು. ಕೈ ಹಿಡಿದವರನ್ನು ಒಳಗೆ ಕರೆತರಬೇಕು, ಕರೆತಂದ.

"ಯಾರನ್ನಯ್ಯ ಕರಕೊಂಡು ಬಂದೆ?" ಅಂತ ಆಮೇಲೆ ಕೇಳಿದರೆ ಅವನು, "ಕೈ ಬೆಚ್ಚಗಿತ್ತು" ಅಂದನಂತೆ.

ಪೆಟ್ಟಿಗೆ ಹೊರಗಿನ ಬಟ್ಟೆ ಕಳಚಿತು, ನಡುಬೀದಿಯಲ್ಲಿ ಉರುಳಿಕೊಂಡು ನೇರ ಉಗ್ರಾಣಕ್ಕೆ ಹೋಯಿತು. ಅಲ್ಲಿ ಬಾಯಿ ಬಿಟ್ಟು ಒಂದು ಚೀಟಿ ಉಗುಳಿತು. ದುಂಡಗಿನ ಚೀಟಿ, ಒಂದು ಕಡೆ ಅರ್ಧ ಹರಿದಿತ್ತು. ಉಗ್ರಾಣದಲ್ಲಿ ಒಬ್ಬ ಹೊಲಿಗೆಯಜ್ಜ ಇದ್ದ. ಪಾಪದವನು. ಹರಿದ ಕಾಗದ ಕಂಡರೆ ಹೊಲಿಯದೆ ಬಿಡುವವನಲ್ಲ. "ಅಯ್ಯೋ ಯಾವ ಪುಣ್ಯಾತ್ಮನದೋ" ಅಂತ ಕೂತು, ನಾಲಿಗೆ ಕಚ್ಚಿಕೊಂಡು, ಹರಿದ ಕಡೆಗೆ ತೇಪೆ ಹಾಕಿ, ಎಳೆ ಸೇರಿಸಿ, ಚೀಟಿಯನ್ನು ಪೂರ್ತಿ ಮಾಡಿದ. ಪೂರ್ತಿಯಾದ ಚೀಟಿ ಬೀದಿಯಲ್ಲಿ ಬಿದ್ದಿರಬಾರದಲ್ಲ. ಊರಿನ ಹಿರಿಯರ ಚೀಟಿಗಳಿದ್ದ ಪೆಟಾರಿಯಲ್ಲೇ ಮಡಿಸಿ ಇಟ್ಟ. ಮಾಡಿದ ಕೆಲಸಕ್ಕೆ ತಾನೇ ಮೆಚ್ಚಿ ತಲೆಯಾಡಿಸಿದ.

ಮುಗಿಯಿತಲ್ಲ. ಇನ್ನು ಅದು ಉಗ್ರಾಣದ ಚೀಟಿ.

ಮಾರನೆಯ ದಿನದಿಂದ ಪೆಟಾರಿಯಿಂದ ಹೊಸ ನಕಲುಗಳು ಹೊರಟವು. ಚೀಟಿ ಬಂತು, ಓದಿದರು, ಪೋಣಿಸಿದರು. ಸರಗಳು ವಿಚಿತ್ರ. ನೆಲಕ್ಕೆ ಬಿಟ್ಟರೆ ಒಂದು ಸರ ಇನ್ನೊಂದರ ಸೊಂಟ ಹಿಡಿದು ಜೋಡಿಯಾಯಿತು. ಜೋಡಿಗೆ ಜೋಡಿ ಅಂಟಿತು. ನೂರಿಪ್ಪತ್ತು ಜೋಡಿ ಸೇರಿದ್ದೇ ತಡ, ಟಪ್ ಅಂತ ಒಂದು ದುಂಡನೆಯ ಚೆಂಡು. ಮೊಳೆ ಇಲ್ಲ, ಅಂಟು ಇಲ್ಲ, ಬಡಗಿ ಇಲ್ಲ. ಬಾಯಿ ಮುಚ್ಚಿಕೊಳ್ಳುವ ಮುಂಚೆ ಚೀಟಿಯ ಒಂದು ನಕಲು ಚೆಂಡಿನ ಒಳಗೆ ನುಸುಳಿ, ಕಾಲು ಮಡಿಸಿ ಕೂತುಬಿಡುತ್ತಿತ್ತು. ಆಮೇಲೆ ಆ ಚೆಂಡು ಊರಿನ ಜವಳಿ ಕೋಣೆಗೆ ಹೋಗಿ, ಊರಿನದೇ ಒಳ್ಳೆಯ ಬಟ್ಟೆ ಸುತ್ತಿಕೊಂಡು, ಮೊದಲು ತೇಲಿ ಬಂದ ಪೆಟ್ಟಿಗೆಯ ತದ್ರೂಪಾಗಿ, ಮದುವೆಗೆ ಹೊರಟವರ ಹಾಗೆ ಹಿತ್ತಿಲ ಬಾಗಿಲಿನಿಂದ ಹೊಳೆಗೆ ಇಳಿಯುತ್ತಿತ್ತು.

ಊರಿನ ಯಜಮಾನ ಕಟ್ಟೆಯ ಮೇಲೆ ಕೂತು ಬಾಯಿ ತೆರೆದು ನೋಡಿದ. ಇವನು ಉಗ್ರಾಣದ ಬೀಗ ಇಟ್ಟುಕೊಂಡವನು. ಬೀಗದ ಕೈ ಸೊಂಟದಲ್ಲೇ ಇತ್ತು, ಉಗ್ರಾಣಕ್ಕೆ ಬೀಗ ಹಾಕಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. "ಎಲಾ ಇವನ! ತಾನಾಗೇ ಕೂಡಿಕೊಳ್ಳುತ್ತಲ್ಲಪ್ಪ" ಅಂತ ತೊಡೆ ತಟ್ಟಿದ. ನೋಡಿ ನೋಡಿ ಊರೆಲ್ಲ ತೊಡೆ ತಟ್ಟಿತು. ಹಳೆಯ ಚೀಟಿಗಳು ಸಾಲಿನಲ್ಲಿ ಹಿಂದೆ ಬಿದ್ದವು, ಯಾರಿಗೂ ಗಮನವಿಲ್ಲ.

ಅದರ ಜೊತೆಗೆ ಇನ್ನೊಂದು. ಬಟ್ಟೆ ಮಾತ್ರ ಇದ್ದು ಒಳಗೆ ಚೆಂಡೂ ಇಲ್ಲದ, ಚೀಟಿಯೂ ಇಲ್ಲದ ಖಾಲಿ ಪೊಟ್ಟಣಗಳನ್ನೂ ಮಾಡಿ ಕಳಿಸಬೇಕೆಂದು ಚೀಟಿಯಲ್ಲಿತ್ತು. ಒಂದು ತುಂಬಿದ ಪೆಟ್ಟಿಗೆಗೆ ಸಾವಿರ ಖಾಲಿ. ಸುತ್ತಿ ಸುತ್ತಿ ಜವಳಿಯವರ ಕೈ ಊದಿಕೊಂಡಿತು.

"ಖಾಲಿ ಪೊಟ್ಟಣ ಯಾರಿಗೆ ಬೇಕಂತೆ?" ಅಂದಳು ತೋರಣಗಿತ್ತಿ.

"ಚೀಟೀಲಿದೆ" ಅಂದರು ಜವಳಿಯವರು. ಅಲ್ಲಿಗೆ ಮಾತು ಮುಗಿಯಿತು.

ಆ ದಿನವೇ ಜರಡಿಯಲ್ಲಿ ಒಂದು ಚೂರು ಸಿಕ್ಕಿಕೊಂಡಿತು. ಒಂಬತ್ತು ಮಣಿ, ಸರಿ. ಆದರೆ ಅಂಥ ಒಂಬತ್ತನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಗುಡ್ಡದ ಪ್ರತಿ ಚೂರೂ ಅವಳ ಬೆರಳಿಗೆ ಬಾಯಿಪಾಠ. ತಿರುಗಿಸಿ ನೋಡಿದಳು, ಉಜ್ಜಿ ನೋಡಿದಳು, ಹಲ್ಲಲ್ಲಿ ಕಚ್ಚಿಯೂ ನೋಡಿದಳು. ನಮ್ಮದಲ್ಲ. ಚೂರನ್ನು ಮುಷ್ಟಿಯಲ್ಲಿ ಹಿಡಿದು ಯಜಮಾನನ ಹತ್ತಿರ ಓಡಿದಳು.

"ಯಜಮಾನರೇ, ಇದು ನಮ್ಮದಲ್ಲ."

ಯಜಮಾನ ಅದನ್ನು ನೋಡಲೂ ಇಲ್ಲ. "ಉಗ್ರಾಣ ಯಾರದು?"

"ನಮ್ಮದು."

"ಚೀಟಿ ಬಂದದ್ದು ಎಲ್ಲಿಂದ?"

"ಉಗ್ರಾಣದಿಂದ."

"ಸುತ್ತಿದ ಬಟ್ಟೆ?"

"ನಮ್ಮದೇ, ಆದರೆ..."

"ಮತ್ತೆ! ಚೂರೊಂದು ಪರಕೀಯ ಹೇಗಾಗುತ್ತಮ್ಮ?"

ತೋರಣಗಿತ್ತಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಬಾಯಿಂದ ಆ ಮಾತು ಜಾರಿಯೇಬಿಟ್ಟಿತು. "ನಾವು ಇದನ್ನು ಯಾಕೆ ಮಾಡ್ತಿದೀವಿ?"

ಓದುಗಿತ್ತಿಯೊಬ್ಬಳ ಕೈಯಿಂದ ಮಣಿ ಉದುರಿತು. ಜವಳಿಯವರು ಕಿವಿ ಮುಚ್ಚಿಕೊಂಡರು. ಹೊಲಿಗೆಯಜ್ಜ ಪಕ್ಕದವನನ್ನು ತಿವಿದು, "ಏನಂದಳು ಅವಳು? ಕೆಟ್ಟ ಮಾತಾ?" ಅಂತ ಕೇಳಿದ.

ಯಜಮಾನ ಅವಳನ್ನು ಮೂಲೆಗೆ ಕರೆದು ದನಿ ತಗ್ಗಿಸಿದ. "ನೋಡಮ್ಮ, ನಿನ್ನ ಮಾತು ಸರಿ ಅಂತಲೇ ಇಟ್ಟುಕೊ. ಅದನ್ನು ತೋರಣಕ್ಕೆ ಕಟ್ಟಿದರೆ ಏನಾಗುತ್ತೆ ಗೊತ್ತಲ್ಲ? ಮೂರು ಸಲ ತಟ್ಟುತ್ತಾನೆ. ನಾನು, ನೀನು, ಈ ಕಟ್ಟೆ, ಎಲ್ಲ ಹೋಗುತ್ತೆ. ಸೊಂಟದ ಗಂಟಲ್ಲಿ ಹಾಕಿಕೊಂಡು ಸುಮ್ಮನಿರು. ಒಂದು ಚೂರು ತಾನೆ?"

ಅವಳಿಗೂ ಭಯವಾಯಿತು. ಸುಳ್ಳು ಯಾಕೆ ಹೇಳಲಿ, ಬದುಕು ಯಾರಿಗೆ ಬೇಡ? ಚೂರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ದಿನದ ತೋರಣ ಎಂದಿನಂತೆ ತೂಗಿತು. ಮರುದಿನ ಜರಡಿಯಲ್ಲಿ ಇನ್ನೂ ನಾಲ್ಕು ಸಿಕ್ಕವು, ಅದರ ಮರುದಿನ ಹತ್ತು. ಅವಳ ಸೊಂಟದ ಗಂಟು ದಪ್ಪವಾಗುತ್ತ ಬಂತು. ಓದುಗಿತ್ತಿಯರು ಅವಳನ್ನು ಕಂಡು ಕಣ್ಣು ಮಿಟುಕಿಸಿ, "ಏನೇ, ವಿಶೇಷವಾ?" ಅಂದರು. ಅವಳಿಗೆ ನಗು ಬರಲಿಲ್ಲ.

ಹೀಗಿರುವಾಗ ಒಂದು ದಿನ ಹೊಳೆ ಬಂತು, ಕಿಂಡಿಯಲ್ಲಿ ತಂಗಿಯ ದನಿ ಬಂತು. ಅಂದು ದನಿಯಲ್ಲಿ ಜಗಳವೇ ಇರಲಿಲ್ಲ, ಸಕ್ಕರೆ ಸುರಿಯುತ್ತಿತ್ತು.

"ಅಕ್ಕಾ, ಅಂತೂ ಕಳಿಸಿಬಿಟ್ಟೆಯಲ್ಲ! ನಿನ್ನ ಬಗ್ಗೆ ಏನೇನೋ ಅಂದುಕೊಂಡಿದ್ದೆ, ತಪ್ಪಾಯ್ತು ಕಣೇ."

"ಏನು ಕಳಿಸಿದೆ?"

"ನಾಟಕ ಆಡಬೇಡ. ನಮ್ಮೂರ ಬಾಗಿಲಲ್ಲಿ ನಿಮ್ಮೂರ ಬಟ್ಟೆ ಸುತ್ತಿದ ಪೆಟ್ಟಿಗೆ ನಿಂತಿದೆ. ಜರಡೀನ ಹಾಗೇ ಕೊಟ್ಟರೆ ಸಾಲದಾ, ಇಷ್ಟು ಚಂದ ಬಟ್ಟೆ ಬೇರೆ ಸುತ್ತಿದೀಯ! ಬಾಗಿಲವನಿಗೆ ಹೇಳಿದೀನಿ, ಕೈ ಹಿಡಿದು ಒಳಗೆ ಕರಕೊಂಡು ಬಾ ಅಂತ."

ತೋರಣಗಿತ್ತಿ ಕಿಂಡಿಗೆ ಬಾಯಿ ಹಚ್ಚಿ ಕೂಗಿದಳು. "ಬೇಡ ಕಣೇ! ತೆಗೀಬೇಡ! ಅದು ಜರಡಿ ಅಲ್ಲ!"

"ಮತ್ತೇನು?"

"ಏನು ಅಂತ ಗೊತ್ತಿದ್ದರೆ ನಾನು ಇಷ್ಟು ದಿನ ಸೊಂಟ ಭಾರ ಮಾಡಿಕೊಂಡು ಕೂತಿರ್ತಿದ್ನಾ? ನಿಮ್ಮ ಬಾಗಿಲವನಿಗೂ ಒಂದೇ ಕೈಯಲ್ವಾ?"

"ಎಲ್ಲ ಊರಿನ ಬಾಗಿಲವರಿಗೂ ಒಂದೇ ಕೈ."

"ಹಾಗಾದರೆ ಉಪ್ಪಿನವರನ್ನು ಮೊದಲು ಕರೆಸು. ಎಷ್ಟು ಜನ ಇದ್ದಾರೋ ಅಷ್ಟನ್ನೂ. ಒಬ್ಬರ ಹಿಂದೆ ಒಬ್ಬರು. ಅವನ ಕೈ ಒಂದು ಗಳಿಗೆಯೂ ಬಿಡುವಾಗಬಾರದು. ಉಪ್ಪು ಮುಗಿಯೋ ತನಕ ಪೆಟ್ಟಿಗೆ ಒಳಗೆ ಬರಲ್ಲ."

"ಮುಗಿದ ಮೇಲೆ?"

"ಅಷ್ಟರಲ್ಲಿ ನಾನು ಏನಾದರೂ ಮಾಡ್ತೀನಿ" ಅಂದಳು. ಏನು ಮಾಡಬೇಕು ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಇದ್ದಲ್ಲೇ ನಿಂತಳು. ಕಟ್ಟೆ ನೋಡಿದಳು, ಉಗ್ರಾಣ ನೋಡಿದಳು, ಮಣಿ ಪೋಣಿಸುತ್ತ ಹರಟುವ ಓದುಗಿತ್ತಿಯರನ್ನು ನೋಡಿದಳು. ಕಣ್ಣು ತುಂಬಿತು. ಆಮೇಲೆ ಗೋಡೆಯಾಚೆ ತಂಗಿ ಉಪ್ಪಿನವರನ್ನು ಅವಸರಪಡಿಸುತ್ತಿದ್ದದ್ದು ಕೇಳಿಸಿತು: "ಬೇಗ ಬನ್ರಪ್ಪ, ಕೈ ಬಿಡಬೇಡ್ರಪ್ಪ!" ತೋರಣಗಿತ್ತಿ ಸೊಂಟದ ಗಂಟು ಬಿಚ್ಚಿದಳು.

ಬಾಗಿಲಿಗೆ ಹೋಗಿ ಹಳೆಯ ತೋರಣ ಕಿತ್ತಳು. ಪರಕೀಯ ಚೂರುಗಳನ್ನಷ್ಟೇ ಕಟ್ಟಿ ಹೊಸ ತೋರಣ ತೂಗಿದಳು. ಇನ್ನೇನು, ಕಾವಲುಗಾರ ಬರುತ್ತಾನೆ, ತಡವುತ್ತಾನೆ.

ಕಾವಲುಗಾರ ಬಂದ. ಅಯ್ಯೋ ದೇವರೇ, ಅವನ ಸ್ಥಿತಿಯೇ! ಎರಡು ತೋಳಿನ ತುಂಬ ಖಾಲಿ ಪೊಟ್ಟಣ, ಕಂಕುಳಲ್ಲಿ ಖಾಲಿ ಪೊಟ್ಟಣ, ಗದ್ದದ ಕೆಳಗೆ ಒತ್ತಿ ಹಿಡಿದದ್ದು ಇನ್ನೊಂದು. ಹೊಳೆಯ ತುಂಬ ಅವೇ ಅಂತೆ. ಹಿಡಿದದ್ದೆಲ್ಲ ಬಿಚ್ಚುವುದು, ಒಳಗೆ ಏನೂ ಇಲ್ಲ; ಮತ್ತೆ ಹಿಡಿಯುವುದು, ಬಿಚ್ಚುವುದು. ತೋರಣದ ಕೆಳಗೆ ಬಗ್ಗಿ ನಡೆದ. "ಆಯ್ತು ಆಯ್ತು" ಅಂದ.

"ಏನು ಆಯ್ತು? ನೀನು ಮುಟ್ಟಲೇ ಇಲ್ಲವಲ್ಲಯ್ಯ!"

"ಕೈ ಬಿಡುವಿಲ್ಲ ತಾಯಿ."

"ಅದೆಲ್ಲ ಖಾಲಿ!"

"ಖಾಲಿಯಾದರೂ ಹೊರಬೇಕಲ್ಲ."

"ನಮ್ಮೂರಲ್ಲಿ ಪರಕೀಯ ಕೆಲಸ ನಡೀತಿದೆ, ನಾನೇ ಹೇಳ್ತಿದೀನಿ!"

ಕಾವಲುಗಾರ ಕುರುಡುಗಣ್ಣು ಅವಳ ಕಡೆ ತಿರುಗಿಸಿದ. "ಬಾಯಿಮಾತು ನಂಬಿ ತಟ್ಟುತ್ತಾ ಹೋದರೆ ಗುಡ್ಡದಲ್ಲಿ ಒಂದು ಊರು ಉಳಿಯಲ್ಲಮ್ಮ. ನಾನು ನಂಬೋದು ಬೆರಳನ್ನು ಮಾತ್ರ."

"ಹಾಗಾದರೆ ಕೆಳಗಿಟ್ಟು ತಡವು!"

"ಕೆಳಗಿಟ್ಟರೆ ಉರುಳಿಹೋಗುತ್ವೆ. ಮತ್ತೆ ಯಾರು ಹೆಕ್ಕೋದು, ನೀನಾ?" ಅಂತ ಹೆಜ್ಜೆ ಮುಂದಿಟ್ಟ.

ಗೋಡೆಯಾಚೆಯಿಂದ ತಂಗಿ ಕೂಗಿದಳು. "ಅಕ್ಕಾ, ಇನ್ನು ಮೂರೇ ಜನ ಉಪ್ಪಿನವರು ಉಳಿದಿರೋದು!"

ತೋರಣಗಿತ್ತಿಗೆ ಬೇರೆ ದಾರಿ ತೋಚಲಿಲ್ಲ. ಎರಡು ಕೈಯಲ್ಲೂ ಜರಡಿ ಎತ್ತಿ, ಕಾವಲುಗಾರನ ಮೊಣಕೈಗೆ ಬಲವಾಗಿ ಒಂದು ಬಾರಿಸಿದಳು. ಠಣ್! ಪೊಟ್ಟಣಗಳೆಲ್ಲ ಬೀದಿಯ ತುಂಬ ಉರುಳಿದವು. ಕಾವಲುಗಾರ "ಅಯ್ಯಯ್ಯೋ ನನ್ನ ಕೈ!" ಅಂತ ತತ್ತರಿಸಿ, ಆಸರೆಗೆ ಏನಾದರೂ ಸಿಗಲಿ ಅಂತ ಮೇಲೆ ಕೈಚಾಚಿದ. ಕೈಗೆ ಸಿಕ್ಕಿದ್ದು ತೋರಣ.

ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಬೆರಳು ಒಂದು ಚೂರು ಓದಿತು. ಇನ್ನೊಂದು ಓದಿತು. ಇಡೀ ತೋರಣ ಓದಿತು.

"ಎಷ್ಟು ದಿನದಿಂದ ತಾಯಿ?"

"ಬಹಳ ದಿನದಿಂದ. ನಾನೇ ಮುಚ್ಚಿಟ್ಟಿದ್ದೆ" ಅಂದಳು. "ಪಕ್ಕದೂರ ಬಾಗಿಲಲ್ಲಿ ಒಂದು ನಿಂತಿದೆ, ಅದು ಖಾಲಿ ಅಲ್ಲ. ಮೊದಲು ಅದನ್ನು ಹಿಡಿ. ಆಮೇಲೆ ನಮಗೆ ತಟ್ಟು."

ಕಾವಲುಗಾರ ಬೆರಳು ಮಡಿಸಿ ಬಾಯಿಗಿಟ್ಟು ಒಂದು ಸಿಳ್ಳೆ ಹಾಕಿದ. ಹೊಳೆಯ ಉದ್ದಕ್ಕೂ ಇದ್ದ ಅವನ ಜೊತೆಯವರು ಆ ಸಿಳ್ಳೆಗೆ ಎದ್ದು ಬಂದರು. ಆಮೇಲೆ ಅವನು ಊರಬಾಗಿಲಿಗೆ ಮೂರು ಸಲ ತಟ್ಟಿದ. ಮೆಲ್ಲಗೆ ತಟ್ಟಿದ, ಮಲಗಿದವರನ್ನು ಎಬ್ಬಿಸುವವರ ಹಾಗೆ.

ಊರು ಮಡಚುವುದಕ್ಕೂ ಒಂದು ಕ್ರಮವಿದೆ. ಗೋಡೆ ಕೆಡವಬಾರದು, ಬೆಂಕಿ ಹಚ್ಚಬಾರದು, ಪಕ್ಕದೂರಿಗೆ ಒಂದು ಹನಿ ಚೆಲ್ಲಬಾರದು. ಊರು ತನ್ನನ್ನು ತಾನೇ ಚಿಕ್ಕ ಚಿಕ್ಕ ಗಂಟು ಕಟ್ಟಿಕೊಳ್ಳಬೇಕು, ಆಮೇಲೆ ಗುಡಿಸುವವರು ಬಂದು ಎತ್ತಿಕೊಂಡು ಹೋಗುತ್ತಾರೆ. ಇದರಲ್ಲೂ ಜಗಳ ಬಿಡಲಿಲ್ಲ ನಮ್ಮ ಜನ. ಯಜಮಾನ ತನ್ನನ್ನು ಕಟ್ಟೆಯ ಸಮೇತ ಮೊದಲನೆಯ ಗಂಟಿನಲ್ಲಿ ಕಟ್ಟಬೇಕು ಅಂತ ಹಟ ಹಿಡಿದ. ಓದುಗಿತ್ತಿಯರು ಅವನ ಜೊತೆ ಒಂದೇ ಗಂಟಿನಲ್ಲಿ ಬರುವುದಿಲ್ಲ, ಅವನು ಗೊರಕೆ ಹೊಡೆಯುತ್ತಾನೆ ಅಂದರು. ಬಾಗಿಲವನು ತನ್ನ ಒಂದು ಕೈಯನ್ನು ನೋಡಿಕೊಳ್ಳುತ್ತ, "ಬೆಚ್ಚಗಿತ್ತು ಕಣ್ರೀ, ನಿಜವಾಗಲೂ" ಅಂತ ಎಲ್ಲರಿಗೂ ಹೇಳಿದ.

ಮೊದಲು ಕತ್ತರಿಸಬೇಕಾದದ್ದು ಪೆಟಾರಿ. ಒಳಗಿನ ಚೀಟಿ ಒಂದೂ ಉಳಿಯಬಾರದು. ಹೊಲಿಗೆಯಜ್ಜ ಕತ್ತರಿ ಹಿಡಿದು ಅಳುತ್ತ ಕೂತ.

"ನಾನು ಹರಿದದ್ದನ್ನು ಹೊಲಿದೆ, ಅಷ್ಟೇ ಕಣಮ್ಮ."

"ಗೊತ್ತು ಅಜ್ಜ. ಈಗ ಹೊಲಿದದ್ದನ್ನು ಕತ್ತರಿಸು, ಅಷ್ಟೇ" ಅಂದಳು ತೋರಣಗಿತ್ತಿ, ಅವನ ಬೆನ್ನು ಸವರಿ. ಅಜ್ಜ ಕಣ್ಣೊರೆಸಿಕೊಂಡು ತನ್ನ ತೇಪೆಯಿಂದಲೇ ಶುರು ಮಾಡಿದ.

ಕಿಂಡಿಯಲ್ಲಿ ದನಿ ಬಂತು. "ಅಕ್ಕಾ! ಕಾವಲಿನವರು ಬಂದು ನಮ್ಮ ಬಾಗಿಲಲ್ಲಿದ್ದ ಪೆಟ್ಟಿಗೆ ಎತ್ತಿಕೊಂಡು ಹೋದರು. ನನ್ನ ಜರಡಿ ಹೋಯ್ತಲ್ಲೇ!"

ತೋರಣಗಿತ್ತಿಗೆ ಅಷ್ಟು ದುಃಖದಲ್ಲೂ ನಗು ಬಂತು. "ಅದು ಜರಡಿ ಅಲ್ಲ ಅಂತ ಎಷ್ಟು ಸಲ ಹೇಳಲಿ? ಜರಡಿ ಇಲ್ಲಿದೆ. ತಗೋ, ಹಿಡಕೋ."

ಓರೆಯಾಗಿ ಹಿಡಿದು ಕಿಂಡಿಯಲ್ಲಿ ತೂರಿಸಿದಳು. ಆಚೆಯಿಂದ ತಂಗಿ ಹಿಡಿದಳು. ಒಂದು ಗಳಿಗೆ ಇಬ್ಬರ ಕೈಯೂ ಜರಡಿಯ ಮೇಲಿತ್ತು.

"ಅಂಚು ನೆಗ್ಗಿದೆಯಲ್ಲೇ ಅಕ್ಕಾ!"

"ಒಬ್ಬರ ಮೊಣಕೈ ಗಟ್ಟಿ ಇತ್ತು."

"ಇಷ್ಟು ವರ್ಷ ಕೊಡದವಳು ಇವತ್ತು ಯಾಕೆ ಕೊಡ್ತಿದೀಯ?"

ತಂಗಿ ಯಾಕೆ ಅಂದಿದ್ದು ಅದೇ ಮೊದಲು. ಅಕ್ಕ ಒಮ್ಮೆ ಬೀದಿಯ ಕಡೆ ನೋಡಿದಳು. ಗುಡಿಸುವವರು ಬಂದಿದ್ದರು. "ಜರಡಿಯಲ್ಲಿ ಗುರುತಿಲ್ಲದ್ದು ಏನಾದರೂ ಸಿಕ್ಕರೆ ಸೊಂಟದಲ್ಲಿ ಇಟ್ಟುಕೋಬೇಡ" ಅಂದಳು, ಕೈ ಬಿಟ್ಟಳು.

ಗುಡಿಸುವವರು ಅಕ್ಕನ ಊರನ್ನು ಗಂಟು ಗಂಟಾಗಿ ಎತ್ತಿಕೊಂಡು ಹೋದರು.

ಆಮೇಲಿನ ಕೆಲವು ದಿನ ಗುಡ್ಡದಲ್ಲಿ ಅಲ್ಲಲ್ಲಿ ಮೂರು ಸಲ ತಟ್ಟುವ ಸದ್ದು ಕೇಳಿತು. ಆ ಪೆಟ್ಟಿಗೆಗಳು ಇನ್ನೂ ಎಷ್ಟೋ ಊರು ಹೊಕ್ಕಿದ್ದವು. ದೊಡ್ಡಮನೆಯ ಎರಡು ಕಿಟಕಿಗಳೂ ಅರಿಸಿನ ಬಳಿದ ಹಾಗೆ ಹಳದಿಯಾದವಂತೆ. ದೊಡ್ಡಮನೆಯವರು ಯಾರದೋ ಮಾತು ಕೇಳಿ ನೆಲನೆಲ್ಲಿ ಸೊಪ್ಪು ಅರೆದು ಕುಡಿದರು. ಅದರಿಂದ ಏನಾಯಿತೋ ನನಗೆ ಗೊತ್ತಿಲ್ಲ, ಹೊಳೆಯೆಲ್ಲ ಕಹಿಯಾಗಿ ಊರಿನವರು ಮುಖ ಕಿವಿಚಿಕೊಂಡದ್ದು ಮಾತ್ರ ನಿಜ. ನಿಧಾನಕ್ಕೆ ತಟ್ಟುವ ಸದ್ದು ನಿಂತಿತು. ಕಿಟಕಿಗಳು ಬೆಳ್ಳಗಾದವು.

ತಂಗಿ ದಿನವೂ ಜರಡಿ ಹಿಡಿಯುತ್ತಿದ್ದಳು. ಕೆಲಸ ಬೇಗ ಮುಗಿಯುತ್ತಿತ್ತು, ಬೆರಳು ನೋಯುತ್ತಿರಲಿಲ್ಲ. ಅವಳಿಗೆ ಅದು ಒಂದು ಚೂರೂ ಸೇರಲಿಲ್ಲ. ಹೊಳೆ ಬಂದಾಗಲೆಲ್ಲ ಅಭ್ಯಾಸಬಲದಿಂದ ಕಿಂಡಿಗೆ ಬಾಯಿಡುವಳು, ಕೇಳಲು ಏನೂ ಇಲ್ಲ ಅಂತ ನೆನಪಾಗಿ ನೆಗ್ಗಿದ ಅಂಚಿನ ಮೇಲೆ ಬೆರಳಾಡಿಸಿ ಹಿಂದಕ್ಕೆ ಬರುವಳು.

ಗುಡ್ಡದಲ್ಲಿ ಜಾಗ ಖಾಲಿ ಬಿಡುವ ರೂಢಿಯಿಲ್ಲ. ಒಂದು ದಿನ ತಂಗಿಯ ಊರು ಹಿಗ್ಗಿತು, ಪೆಟಾರಿಯ ಚೀಟಿಗಳೆಲ್ಲ ಎರಡೆರಡಾದವು, ನಡುವೆ ಗೋಡೆ ಎದ್ದಿತು. ಅಕ್ಕನ ಊರಿದ್ದ ಜಾಗದಲ್ಲಿ ಹೊಸದೊಂದು ಊರು ನಿಂತಿತು. ಹೊಸ ಗೋಡೆಯಲ್ಲಿ ಉದ್ದನೆಯದೊಂದು ಕಿಂಡಿ.

ಹೊಳೆ ಬಂತು. ಕಿಂಡಿಯಾಚೆಯಿಂದ ಒಂದು ಎಳೆಯ ದನಿ ಸಂಕೋಚದಿಂದ ಕರೆಯಿತು.

"ಅಕ್ಕಾ..."

ತಂಗಿ ಹಿಂದೆ ತಿರುಗಿ ನೋಡಿದಳು, ಯಾರನ್ನು ಕರೆಯುತ್ತಿದ್ದಾರೆ ಅಂತ. ಯಾರೂ ಇರಲಿಲ್ಲ. ಕರೆದದ್ದು ಅವಳನ್ನೇ.

"ಅಕ್ಕಾ, ನಾನು ಇಲ್ಲಿ ಹೊಸಬಳು. ಬೆರಳಲ್ಲಿ ಆರಿಸಿ ಆರಿಸಿ ಸಾಕಾಗಿದೆ. ಒಂದು ಗಳಿಗೆ ನಿನ್ನ ಜರಡಿ ಕೊಡ್ತೀಯಾ?"

ತಂಗಿ ಜರಡಿ ಕೈಗೆತ್ತಿಕೊಂಡಳು. ಜರಡಿಯಲ್ಲಿ ಗುರುತಿಲ್ಲದ್ದು ಸಿಕ್ಕರೆ ಸೊಂಟದಲ್ಲಿ ಇಟ್ಟುಕೊಳ್ಳಬಾರದು ಅಂತ ಮೊದಲು ಹೇಳಿದಳು. "ಯಾಕೆ?" ಅಂತು ಎಳೆಯ ದನಿ. ಯಾಕೆ ಅಂತ ಹೇಳಿದಳು, ಮೊದಲಿಂದ ಕೊನೆಯವರೆಗೆ. ಆಮೇಲೆ ಜರಡಿಯನ್ನು ಓರೆಯಾಗಿ ಹಿಡಿದು ಕಿಂಡಿಯಲ್ಲಿ ತೂರಿಸಿದಳು.

ಮಾರನೆಯ ದಿನ ಹೊಳೆ ಇನ್ನೂ ಪೂರ್ತಿ ತುಂಬಿರಲಿಲ್ಲ, ಅವಳು ಓಡಿಹೋಗಿ ಗೋಡೆಗೆ ಬಾಯಿಟ್ಟು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಏನೇ, ನನ್ನ ಜರಡಿ ಎಲ್ಲಿ?"